ನೈಟ್ ಆಗದೇ ಉಳಿಯುವ ಏರ್ಪಾಟು

ಸೀಮೆಯ ರಾಜಾಧಿಕಾರಿ ಶೆರೀಫನ ಕಡೆಯ ಸವಾರ ವಿದಿಮಿಯರ್ ಜಮೀನಿಗೆ ಬಂದಾಗ ಹವೀಸ ತಮ್ಮ ನೀರಿನ ಗಿರಣಿಯ ತೂಬಿಗೆ ಸಿಕ್ಕಿಕೊಂಡಿದ್ದ ಪಾಚಿಯನ್ನು ಎಳೆಯುತ್ತ ಮೊಣಕೈವರೆಗೂ ಒದ್ದೆಯಾಗಿದ್ದಳು. ಅವನು ಕುದುರೆಯಿಂದ ಇಳಿಯಲೂ ಇಲ್ಲ. ವರ್ಷಕ್ಕೆ ಇಪ್ಪತ್ತು ಪೌಂಡು ಹುಟ್ಟುವ ಭೂಮಿ ಯಾರ ಕೈಯಲ್ಲಿದೆಯೋ ಅವರೆಲ್ಲ ಬರುವ ಪೆಂಟೆಕಾಸ್ಟ್ ಹಬ್ಬದೊಳಗೆ ಕುದುರೆ ಏರಿ ಯುದ್ಧಕ್ಕೆ ಹೋಗುವ ನೈಟ್ ಪದವಿ ತೆಗೆದುಕೊಳ್ಳಬೇಕು, ತಪ್ಪಿದರೆ ದನಕರು ಜಪ್ತಿ, ಇದು ರಾಜರ ಅಪ್ಪಣೆ, ಯಜಮಾನರಿಗೆ ತಿಳಿಸಿ ಎಂದ. ಅವಳು ಕೊಟ್ಟ ಬಾರ್ಲಿಯ ಏಲ್ ಬಿಯರನ್ನು ಕುಡಿದು, ಗಿರಣಿಯನ್ನು ಮೇಲಿಂದ ಕೆಳಗೆ ನೋಡಿ, ಚೆನ್ನಾಗಿ ಕಟ್ಟಿಸಿದ್ದೀರಿ ಎಂದು ಹೊಗಳಿ ಹೋದ.

ಜಪ್ತಿಯ ಮಾತಿಗಿಂತ ಆ ಹೊಗಳಿಕೆಯೇ ಅವಳನ್ನು ಹೆಚ್ಚು ಚುಚ್ಚಿತು. ಅವಳು ಮದುವೆಯಾಗಿ ಬಂದ ಕಾಲದಲ್ಲಿ ಆ ಭೂಮಿಯ ಅರ್ಧ ಬರೀ ಜೌಗು. ಕಪ್ಪೆ, ಹಾವುಮೀನು, ನೀರುಕಾಗೆ ಬಿಟ್ಟರೆ ಅಲ್ಲಿ ಬದುಕುತ್ತಿದ್ದವರಿಲ್ಲ. ಕಾಲುವೆ ತೋಡಿಸಿದವಳು ಅವಳು, ಒಡ್ಡು ಹಾಕಿಸಿದವಳು ಅವಳು, ಕೆಸರಿನಲ್ಲಿ ತೊಡೆಯವರೆಗೆ ಇಳಿದು ಗಿರಣಿಯ ಅಡಿಪಾಯಕ್ಕೆ ಕಲ್ಲು ಕೂರಿಸಿದವಳು ಅವಳು. ಉಳಿದ ಹೆಂಗಸರ ಹಾಗೆ ಕಿಟಕಿಯ ಹತ್ತಿರ ಕೂತು ಕಸೂತಿ ಹಾಕಿಕೊಂಡಿದ್ದಿದ್ದರೆ ಈ ಭೂಮಿ ಹನ್ನೆರಡು ಪೌಂಡಿನಲ್ಲಿ ಹಾಯಾಗಿ ಮಲಗಿರುತ್ತಿತ್ತು, ಯಾವ ಸವಾರನೂ ಇತ್ತ ತಲೆ ಹಾಕುತ್ತಿರಲಿಲ್ಲ. ತನ್ನ ಗಂಡನನ್ನು ನೈಟ್ ಮಾಡಿದ್ದು ರಾಜನಲ್ಲ, ತಾನೇ ಎಂದು ಲೆಕ್ಕ ಹಾಕಿ ಅವಳಿಗೆ ಮೈ ಪರಚಿಕೊಳ್ಳುವಂತಾಯಿತು.

ಆ ಗೌರವ ಆ ಸೀಮೆಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಅದಕ್ಕೇ ರಾಜ ಅದನ್ನು ಕೊರಳಪಟ್ಟಿ ಹಿಡಿದು ಕೊಡುತ್ತಿದ್ದ. ನೈಟ್ ಎಂದರೆ ಮೊದಲು ಕುದುರೆ ಕೊಳ್ಳಬೇಕು, ಆಮೇಲೆ ಕಬ್ಬಿಣದ ಬಳೆಯ ಅಂಗಿ. ಅವೆರಡೂ ಮನೆಗೆ ಬಂದ ಮೇಲೆ ಮನುಷ್ಯ ಮನೆಯಲ್ಲಿರುವುದಿಲ್ಲ. ಇವತ್ತು ಶ್ರೂಸ್‌ಬರಿಯ ನ್ಯಾಯಸಭೆ, ನಾಳೆ ಯಾರದೋ ಹೊಲದ ಗಡಿ, ನಾಡಿದ್ದು ವೇಲ್ಸಿನ ಗುಡ್ಡಗಳಲ್ಲಿ ಯುದ್ಧ. ಹವೀಸಳ ತಂದೆ ಅವಳು ಹಾಲುಹಲ್ಲು ಬೀಳಿಸಿಕೊಳ್ಳುತ್ತಿದ್ದಾಗ ನೈಟ್ ಆದವನು. ಕುದುರೆಗಾಗಿ ತಾಯಿಯ ಕಡೆಯಿಂದ ಬಂದ ತೋಟ ಹೋಯಿತು. ಕೊನೆಗೆ ಅವನು ವೇಲ್ಸಿಗೆ ಹೋದ. ಶತ್ರುವಿನ ಒಂದು ಬಾಣವನ್ನೂ ನೋಡದೆ, ಸೋರುವ ಡೇರೆಯಲ್ಲಿ ರಕ್ತಭೇದಿಯಾಗಿ ಸತ್ತ. ಮನೆಗೆ ಬಂದದ್ದು ಒಂದು ಗೋಣಿಚೀಲ, ಅದರಲ್ಲಿ ಹಿಮ್ಮಡಿಗೆ ಕಟ್ಟಿಕೊಳ್ಳುವ ಅವನ ಎರಡು ಮುಳ್ಳುಗಳು. ಕುದುರೆಯನ್ನು ಚುಚ್ಚಿ ಓಡಿಸುವ ಆ ಮುಳ್ಳುಗಳಿಗೆ ಚಿನ್ನದ ನೀರು ಕುಡಿಸಿತ್ತು. ತಾಯಿ ಅವನ್ನು ಮಗಳಿಗೆ ಮದುವೆಯಲ್ಲಿ ಕೊಟ್ಟಳು. ಹವೀಸ ಒಂದನ್ನು ಪೆಟ್ಟಿಗೆಯ ತಳಕ್ಕೆ ಹಾಕಿದಳು, ಇನ್ನೊಂದನ್ನು ಹಾವುಮೀನು ಒಣಗಿಸುವ ಹೊಗೆಕೋಣೆಯ ಬಾಗಿಲಿಗೆ ಕೊಂಡಿಯಾಗಿ ಬಡಿಸಿದಳು.

ಗಂಡ ವಾರಿನ್ ಕೊಟ್ಟಿಗೆಯಲ್ಲಿ ಕುರಿಯೊಂದನ್ನು ಮಗುಚಿ ಕೂರಿಸಿಕೊಂಡು ಗೊರಸು ಕತ್ತರಿಸುತ್ತಿದ್ದ. ಒಳ್ಳೆಯ ಗಂಡಸು, ನಲವತ್ತೈದು ದಾಟಿದವನು. ಏಣಿ ಹತ್ತಿದರೆ ಏದುಸಿರು ಬರುತ್ತಿತ್ತು. ಇದ್ದ ಒಂದೇ ಮುದಿ ಹೆಣ್ಣುಕುದುರೆಯ ಮೇಲೆ, ಅದರ ಒಪ್ಪಿಗೆ ಕೇಳಿಕೊಂಡೇ ಕೂರುತ್ತಿದ್ದ. ಅವಳು ಸಂಗತಿ ಹೇಳಿದಾಗ ಅವನು ಕುರಿಯ ಕಾಲನ್ನು ಹಿಡಿದುಕೊಂಡೇ ತಲೆ ಎತ್ತಿದ.

“ನೈಟಾ? ನಾನಾ?” ಎಂದ. ಆಮೇಲೆ ನಕ್ಕ.

ಆ ನಗು ಹವೀಸಳಿಗೆ ಹಿಡಿಸಲಿಲ್ಲ. ಅದು ಬೇಡ ಎನ್ನುವವನ ನಗು ಆಗಿರಲಿಲ್ಲ.

ಆ ದಿನ ಊಟದ ಹೊತ್ತಿಗೆ ಮನೆಯಲ್ಲಿ ಅದೇ ಮಾತು. ಆಗ ಒಡೆಯರ ಮನೆಗಳಲ್ಲಿ ಆಡುತ್ತಿದ್ದ ಫ್ರೆಂಚಿನಲ್ಲಿ ನೈಟ್ ಎಂಬುದಕ್ಕೆ ಕುದುರೆಯವನು ಎಂದೇ ಅರ್ಥ. ಅದನ್ನು ಹೇಳಿಕೊಂಡು ಅಡಿಗೆಯವನಿಂದ ಹಿಡಿದು ಎಲ್ಲರೂ ಬಾಗಿಲಾಚೆ ನಿಂತಿದ್ದ ಮುದಿ ಕುದುರೆಯ ಕಡೆ ನೋಡಿ ಬಾಯಿಗೆ ಬಟ್ಟೆ ಅಡ್ಡ ಹಿಡಿದರು. ಊಟಕ್ಕೆ ಬಂದಿದ್ದ ಪಾದ್ರಿಗಳು ನೈಟ್ ಎಂದರೆ ವಿಧವೆಯರ ಮತ್ತು ಅನಾಥರ ಕಾವಲುಗಾರ, ದೇವರು ಕೈಯಲ್ಲಿ ಹಿಡಿದ ಖಡ್ಗ ಎಂದು ನಾಲ್ಕು ಮಾತು ಆಡಿದರು. ವಿಧವೆಯರನ್ನು ಕಾಯಲು ಹೋಗಿ ಇನ್ನಷ್ಟು ವಿಧವೆಯರನ್ನು ಮಾಡುವ ಏರ್ಪಾಟು ಎಂದು ಹವೀಸಳ ನಾಲಿಗೆಯ ತುದಿಗೆ ಬಂತು. ಪಾದ್ರಿಗಳೆಂದು ಸುಮ್ಮನೆ ಬ್ರೆಡ್ಡು ಹರಿದಳು. ಅವಳನ್ನು ಎತ್ತಿ ಆಡಿಸಿ, ತವರಿನಿಂದ ಜೊತೆಗೇ ಬಂದಿದ್ದ ಆಲ್ಡಿತಜ್ಜಿಗೆ ಹಳ್ಳಿಯ ಇಂಗ್ಲಿಷು ಬಿಟ್ಟು ಬೇರೆ ಬಾರದು. ಅವಳು ತನ್ನ ಅಜ್ಜಿಯ ಕಾಲದ ಮಾತು ತೆಗೆದಳು.

“ಆಗೆಲ್ಲ ನೈಟು ಅಂದ್ರೆ ಕೆಲಸದ ಹುಡುಗ ಕಣಮ್ಮಿ. ಒಡೆಯ ಕೂತಿದ್ರೆ ಹಿಂದೆ ನಿಂತಿರೋನು. ಹೋಗೋ ಅಂದ್ರೆ ಹೋಗ್ಬೇಕು, ತಾರೋ ಅಂದ್ರೆ ತರ್ಬೇಕು. ಈಗ ಅದಕ್ಕೇ ಬಂಗಾರದ ಮುಳ್ಳು ಕಟ್ಟವ್ರೆ.”

ವಾರಿನ್ ಯಾರ ಮಾತಿಗೂ ಬೇಸರ ಮಾಡಿಕೊಳ್ಳಲಿಲ್ಲ. ಊಟ ಮುಗಿಸಿ ಎದ್ದಾಗ ಬೆನ್ನು ಸ್ವಲ್ಪ ನೆಟ್ಟಗೆ ಮಾಡಿಕೊಂಡು ನಡೆದದ್ದನ್ನು ಹವೀಸ ಒಬ್ಬಳೇ ಗಮನಿಸಿದಳು.

ತಪ್ಪಿಸಿಕೊಳ್ಳುವ ದಾರಿ ಒಂದಿತ್ತು. ಭೂಮಿಗೆ ಅಷ್ಟು ಹುಟ್ಟುವಳಿ ಇಲ್ಲ ಎಂದು ತಕರಾರು ಹೇಳಿದರೆ ಶೆರೀಫ ತನ್ನ ಗುಮಾಸ್ತನನ್ನು ಕಳಿಸುತ್ತಾನೆ. ಅವನೆದುರು ಅಕ್ಕಪಕ್ಕದ ಹನ್ನೆರಡು ಮಂದಿ ಪಂಚರು ಬೈಬಲ್ಲು ಮುಟ್ಟಿ, ಆ ಭೂಮಿಯ ಬೆಲೆ ಇಷ್ಟು ಎಂದು ಹೇಳಬೇಕು. ಅವರು ಹೇಳಿದ್ದೇ ಕೊನೆಯ ಮಾತು. ಹವೀಸ ಗಂಡನ ಹೆಸರಿನಲ್ಲಿ ತಕರಾರು ಕಳಿಸಿದಳು. ಆಮೇಲೆ ಬುಟ್ಟಿಯಲ್ಲಿ ಹೊಗೆ ಹಾಕಿದ ಹಾವುಮೀನು ತುಂಬಿಕೊಂಡು ಮನೆಮನೆಗೆ ಹೊರಟಳು.

ಸುಳ್ಳು ಹೇಳಿ ಎಂದು ಅವಳು ಯಾರಿಗೂ ಹೇಳಲಿಲ್ಲ. ಮಾತನ್ನು ತೂಗಿ ಆಡುವುದು ಅವಳ ಸ್ವಭಾವ. ಪವಿತ್ರ ಗ್ರಂಥ ಮುಟ್ಟಿ ಆಡುವ ಮಾತೆಂದರೆ ಇನ್ನೂ ಭಯ. ನಮ್ಮ ಮಾವನವರು ತೀರಿಕೊಂಡಾಗ ಆ ಜೌಗು ಹೇಗಿತ್ತು ಅನ್ನೋದನ್ನ ಸ್ವಲ್ಪ ಜ್ಞಾಪಿಸಿಕೊಳ್ಳಿ ಎಂದಷ್ಟೇ ಕೇಳಿಕೊಂಡಳು. ಎಲ್ಲರಿಗೂ ಕೂಡಲೇ ಜ್ಞಾಪಕ ಬಂತು. ಇವತ್ತು ವಾರಿನ್, ನಾಳೆ ನಾನು ಎಂಬ ಹೆದರಿಕೆ ಅವರಿಗೂ ಇತ್ತಲ್ಲ.

ಪಂಚರ ಮುಖಂಡ ಥರ್ಸ್ಟನ. ಹೊಳೆಯಾಚೆಯ ಜಮೀನಿನವನು, ದೊಡ್ಡ ಹೊಟ್ಟೆ, ದೊಡ್ಡ ಗಂಟಲು. ಅವನಿಗೆ ಒಂದೇ ಚಿಂತೆ. ಜೌಗು ಹೊಲವಾದದ್ದನ್ನು ಹೇಗಾದರೂ ಮುಚ್ಚಿಡಬಹುದು, ಆದರೆ ಗಿರಣಿ ಕಣ್ಣಿಗೆ ಕಾಣುತ್ತದೆ, ಗುಮಾಸ್ತ ಕೇಳಿದರೆ ಏನು ಹೇಳಲಿ ಎಂದ. ಹವೀಸ ಅದಕ್ಕೂ ಉತ್ತರ ಯೋಚಿಸಿಕೊಂಡೇ ಹೋಗಿದ್ದಳು. ಅದನ್ನು ಹೇಳಿಕೊಟ್ಟಳು. ಥರ್ಸ್ಟನ ತೊಡೆ ತಟ್ಟಿಕೊಂಡು ನಕ್ಕ.

ಇನ್ನು ಉಳಿದದ್ದು ಗಂಡ. ಅವನಿಂದ ಅವಳು ಬೇಡಿದ್ದು ಒಂದೇ, ಬಾಯಿ ಬಿಡಬೇಡಿ. ಯಾರು ಏನೇ ಅನ್ನಲಿ, ನೆಲ ನೋಡಿಕೊಂಡು ನಿಂತಿರಿ. ಅವನು ಆಗಲಿ ಎಂದ. ಆಗಲಿ ಎಂದು ಎಷ್ಟು ಸುಲಭವಾಗಿ ಅಂದನೆಂದರೆ ಅವಳಿಗೆ ನಂಬಿಕೆ ಬರಲಿಲ್ಲ. ವಿಚಾರಣೆಗೆ ಹೊರಡುವ ಬೆಳಿಗ್ಗೆ ಅವನ ಕೈಗೆ ಒಣಗಿಸಿದ ಸೇಬಿನ ಹೋಳುಗಳನ್ನು ಕೊಟ್ಟು, ಬಾಯಲ್ಲಿ ಇದನ್ನು ಇಟ್ಟುಕೊಂಡಿರಿ, ಮಾತು ಬಂದರೆ ಅಗಿಯಿರಿ ಎಂದಳು.

ವಿಚಾರಣೆ ನಡೆದದ್ದು ಚರ್ಚಿನೊಳಗೆ, ಮಳೆ ಬರುತ್ತಿದ್ದುದರಿಂದ. ಗುಮಾಸ್ತ ಸೀನುತ್ತಲೇ ಇದ್ದ ಬಡಕಲು ಮನುಷ್ಯ. ಬೇಗ ಮುಗಿದರೆ ಸಾಕು ಎಂಬಂತೆ ಕೂತಿದ್ದ. ಪಂಚರು ಸಾಲಾಗಿ ನಿಂತರು. ಹವೀಸ ಕಂಬದ ಪಕ್ಕದಲ್ಲಿ, ಗಂಡನ ಕಿವಿಗಳು ಕಾಣುವ ಹಾಗೆ ನಿಂತುಕೊಂಡಳು. ಅವನಿಗೆ ಸಿಟ್ಟು ಬಂದರೆ ಮೊದಲು ಗೊತ್ತಾಗುವುದು ಕಿವಿಯಲ್ಲಿ.

ಥರ್ಸ್ಟನ ಎಷ್ಟು ಬೇಕೋ ಅಷ್ಟು ಹೇಳಿ ಕೂತಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಚರ್ಚು ತುಂಬ ಜನ ಸೇರಿದ್ದರು, ಮೊದಲ ಮಾತಿಗೇ ಯಾರೋ ನಕ್ಕರು, ಅವನಿಗೆ ಉಮೇದು ಹತ್ತಿತು. ವಿದಿಮಿಯರಿನ ಹೊಲದಲ್ಲಿ ಬಾರ್ಲಿಗಿಂತ ಕಪ್ಪೆಯ ಬೆಳೆ ಜಾಸ್ತಿ ಎಂದ. ಕುರಿಗಳಿಗೆ ಕಜ್ಜಿ, ಉಣ್ಣೆ ಕತ್ತರಿಸಿದರೆ ಒಂದು ಟೋಪಿಗೂ ಸಾಲದು ಎಂದ. ವಾರಿನ್ ಅಗಿದ. ಮನೆಯ ಸೂರು ಸೋರಿ ಯಜಮಾನ ಊಟದ ತಟ್ಟೆಯಲ್ಲಿ ಮೀನು ಹಿಡಿಯುತ್ತಾನೆ ಎಂದ. ಕುದುರೆಯಿದೆ, ಅದನ್ನು ಹತ್ತುವುದಕ್ಕಿಂತ ಹೊರುವುದು ಸುಲಭ ಎಂದ. ಯಜಮಾನನ ಬುದ್ಧಿಯೂ ಆ ಕುದುರೆಯಷ್ಟೇ ಮುದಿ ಎಂದ. ಜನ ಬಿದ್ದು ಬಿದ್ದು ನಕ್ಕರು. ವಾರಿನ್ ಅಗಿಯುತ್ತಲೇ ಇದ್ದ, ಕಿವಿ ಇನ್ನೂ ಬೆಳ್ಳಗೇ ಇತ್ತು. ಇಷ್ಟು ತಡೆದುಕೊಂಡವನು ಇನ್ನು ಏನನ್ನಾದರೂ ತಡೆದಾನು ಎಂದುಕೊಂಡಳು ಹವೀಸ.

ಗುಮಾಸ್ತ ಮೂಗು ಒರೆಸಿಕೊಂಡು ಗಿರಣಿಯ ವಿಷಯ ಕೇಳಿದ. ಬರುವಾಗ ಒಂದನ್ನು ನೋಡಿದೆನಲ್ಲ, ಹೊಸದಿದ್ದ ಹಾಗಿತ್ತು ಎಂದ.

ಥರ್ಸ್ಟನ ಜನರ ಕಡೆ ತಿರುಗಿ ಕಣ್ಣು ಹೊಡೆದ. “ಅದು ಹೆಂಗಸು ಕಟ್ಟಿಸಿದ ಗಿರಣಿ, ಸ್ವಾಮಿ. ಗೊಂಬೆಯಾಟಕ್ಕೆ ಕಟ್ಟಿಸಿದ್ದು. ಬಾತುಕೋಳಿ ಈಜಿದ್ರೆ ತಿರುಗುತ್ತೆ, ಇಲ್ದಿದ್ರೆ ಇಲ್ಲ. ಮುಂದಿನ ಮಳೆಗೆ ಕೊಚ್ಕೊಂಡ್ಹೋಗುತ್ತೆ.”

ಕಿವಿಗಳು ಕೆಂಪಾದವು. ಹವೀಸ ಜನರನ್ನು ಸರಿಸಿ ಮುಂದೆ ಬರುವಷ್ಟರಲ್ಲಿ ವಾರಿನ್ ಬಾಯಲ್ಲಿದ್ದ ಸೇಬಿನ ಹೋಳನ್ನು ಅಂಗೈಗೆ ಉಗಿದುಕೊಂಡಿದ್ದ.

“ಆ ಗಿರಣಿ ಮೂರು ಊರಿಗೆ ಹಿಟ್ಟು ಬೀಸುತ್ತೆ,” ಎಂದ. ಗಟ್ಟಿಯಾಗಿ ಅಲ್ಲ, ಆದರೆ ಚರ್ಚಿನಲ್ಲಿ ಎಲ್ಲರಿಗೂ ಕೇಳಿಸಿತು. “ನಿನ್ನ ಬಾರ್ಲೀನೂ ಅಲ್ಲೇ ಬೀಸೋದು ಥರ್ಸ್ಟನ, ಹೋದ ಶನಿವಾರ ಬೀಸಿಸ್ಕೊಂಡು ಹೋದೆ. ನನ್ನ ಹೆಂಡ್ತಿ ಕೆಸರಲ್ಲಿ ನಿಂತು ಕಟ್ಟಿಸಿದ್ದು ಅದು. ಅದೊಂದೇ ವರ್ಷಕ್ಕೆ ಐದು ಪೌಂಡು ಹುಟ್ಟುತ್ತೆ. ಬರ್ಕೊಳ್ಳಿ ಸ್ವಾಮಿ. ಆ ಜೌಗೂ ಈಗ ಜೌಗಲ್ಲ, ಎಂಟು ಪೌಂಡಿನ ಹೊಲ. ಅದನ್ನೂ ಬರ್ಕೊಳ್ಳಿ.”

ಗುಮಾಸ್ತನಿಗೆ ಸೀನು ನಿಂತುಹೋಯಿತು. ಅವನು ಎಲ್ಲವನ್ನೂ ಬರೆದುಕೊಂಡ. ಪಂಚರಿಗೆ ಜ್ಞಾಪಕಶಕ್ತಿ ಸ್ವಲ್ಪ ಕಡಿಮೆಯಾಗಿದೆ ಎಂದು ಮಾತ್ರ ಹೇಳಿ, ತನಗೆ ಬೇಕಾದ್ದು ಸಿಕ್ಕಿದ್ದರಿಂದ ಅವರನ್ನು ಬಿಟ್ಟುಬಿಟ್ಟ.

ವಾಪಸು ಬರುವಾಗ ಹವೀಸ ಹೇಸರಗತ್ತೆಯ ಮೇಲೆ, ವಾರಿನ್ ಅದರ ಹಗ್ಗ ಹಿಡಿದು ಕೆಸರಿನಲ್ಲಿ. ಹೊಳೆಯ ಕಟ್ಟೆಯ ಹತ್ತಿರ ಅವನೇ ಸಂಕೋಚದಿಂದ ಬಾಯಿ ಬಿಟ್ಟ.

“ನನ್ನ ಬಗ್ಗೆ ಅಂದಿದ್ದನ್ನೆಲ್ಲ ಕೇಳ್ಕೊಂಡೆ. ನಿನ್ನ ಗಿರಣಿ ಬಗ್ಗೆ ಅವನು ಆಡಿದ್ದು ನಿಂಗೆ ಕೇಳಿಸ್ಲಿಲ್ವಾ?”

“ಕೇಳಿಸ್ತು ರೀ. ಆ ಮಾತು ಅವನಿಗೆ ಹೇಳ್ಕೊಟ್ಟಿದ್ದೇ ನಾನು.”

ವಾರಿನ್ ನಿಂತ. ಹೇಸರಗತ್ತೆಯೂ ನಿಂತಿತು. ಅವನು ಅವಳ ಮುಖವನ್ನು ನೋಡಿ, ಹೊಳೆಯನ್ನು ನೋಡಿ, ಅಂಗೈ ಬಿಚ್ಚಿ ಇನ್ನೂ ಅಲ್ಲೇ ಇದ್ದ ಸೇಬಿನ ಹೋಳನ್ನು ನೋಡಿದ. ಬಾತುಕೋಳೀನೂ ನೀನೇ ಹೇಳ್ಕೊಟ್ಟಿದ್ದಾ ಎಂದು ಕೇಳಿದ. ಹೌದು ಎಂದಳು. ಈ ಮನುಷ್ಯನ ಮೇಲೆ ಪೂರ್ತಿ ಸಿಟ್ಟು ಮಾಡಿಕೊಳ್ಳುವುದಕ್ಕೂ ಆಗುವುದಿಲ್ಲವಲ್ಲ ಎಂಬುದೇ ಹವೀಸಳಿಗೆ ಎಲ್ಲಕ್ಕಿಂತ ದೊಡ್ಡ ಸಿಟ್ಟು.

ಗಿರಣಿಯ ಎರಡನೇ ಚಕ್ರಕ್ಕೆಂದು ಉಳಿಸಿಕೊಂಡಿದ್ದ ಓಕ್ ಮರಗಳು ಕುದುರೆಯಾಗಿ ಹೋದವು. ಕಮ್ಮಾರ ಕಬ್ಬಿಣದ ಅಂಗಿಗೆ ಅಳತೆ ತೆಗೆದುಕೊಳ್ಳಲು ಬಂದಾಗ ಹೊಟ್ಟೆಯ ಸುತ್ತ ದಾರ ಸಾಲದೆ ಇನ್ನೊಂದು ದಾರ ಕಟ್ಟಿದ. ಪೆಂಟೆಕಾಸ್ಟಿನ ದಿನ ಆ ಸೀಮೆಯ ಪ್ರಭುಗಳ ಕೋಟೆಯಲ್ಲಿ ವಾರಿನನ ಸೊಂಟಕ್ಕೆ ಕತ್ತಿಯ ಪಟ್ಟಿ ಕಟ್ಟಿ, ಕತ್ತಿನ ಮೇಲೆ ಒಂದು ಏಟು ಕೊಟ್ಟು, ಏಳು ಸರ್ ವಾರಿನ್ ಎಂದರು. ಮನೆಗೆ ಬಂದ ಮೇಲೆ ವಾರವೆಲ್ಲ ಕತ್ತು ನೋವು ಎಂದು ಆಲ್ಡಿತಜ್ಜಿಯಿಂದ ಹೆಬ್ಬಾತಿನ ಕೊಬ್ಬು ಹಚ್ಚಿಸಿಕೊಂಡ.

ಹವೀಸ ಇನ್ನೂ ಸೋತಿರಲಿಲ್ಲ. ಯುದ್ಧದ ಕರೆ ಬಂದಾಗ ನೋಡಿಕೊಳ್ಳೋಣ, ಖಾಯಿಲೆ ಎಂದು ಹಾಸಿಗೆಯಲ್ಲಿ ಮಲಗಿಸಿಬಿಟ್ಟರಾಯಿತು, ಏದುಸಿರು ಹೇಗೂ ನಿಜವೇ ಎಂದು ಒಳಗೊಳಗೇ ಲೆಕ್ಕ ಇಟ್ಟುಕೊಂಡಿದ್ದಳು. ಆ ಲೆಕ್ಕವನ್ನು ಮುರಿದದ್ದು ಅವನಿಗೆ ಬಂದ ಮೊದಲ ಕೆಲಸ.

ಕೆಲಸ ಇಷ್ಟೇ. ಹುಲ್ಲುಗಾವಲೊಂದರ ವ್ಯಾಜ್ಯದಲ್ಲಿ ಥರ್ಸ್ಟನ ತನಗೆ ಕಡುಖಾಯಿಲೆ, ಹಾಸಿಗೆ ಬಿಟ್ಟು ಏಳಲಾರೆ, ನ್ಯಾಯಸಭೆಗೆ ಬರಲಾರೆ ಎಂದು ಹೇಳಿಕಳಿಸಿದ್ದ. ಹಾಗೆ ಹೇಳಿದವನನ್ನು ನಾಲ್ವರು ನೈಟ್‌ಗಳು ಹೋಗಿ ಕಣ್ಣಾರೆ ನೋಡಬೇಕು. ಬೂಟು ಬಿಚ್ಚಿ, ಸೊಂಟಪಟ್ಟಿ ಬಿಚ್ಚಿ ನಿಜವಾಗಿ ಮಲಗಿದ್ದಾನೆಯೇ ಎಂದು ಬಂದು ಹೇಳಬೇಕು. ರಾಜರು ದೊಡ್ಡ ಕುದುರೆ ಕೊಳ್ಳಿಸಿದ್ದು ಊರವರ ಹಾಸಿಗೆ ಎತ್ತಿ ನೋಡುವುದಕ್ಕೇ ಎಂದು ಆಲ್ಡಿತಜ್ಜಿ ದಿನವಿಡೀ ನಕ್ಕಳು. ಥರ್ಸ್ಟನ ಹವೀಸಳಿಗೆ ಗುಟ್ಟಾಗಿ ಹೇಳಿಕಳಿಸಿದ, ಚರ್ಚಿನಲ್ಲಿ ನಿಮಗಾಗಿ ನಾನು ಎಷ್ಟು ಮಾತಾಡಿದೆ ಜ್ಞಾಪಕ ಇರಲಿ ಎಂದು. ಅವಳು ಗಂಡನಿಗೆ, ಈ ಒಂದು ಸಲ ಸುಮ್ಮನಿದ್ದು ಬಿಡಿ ಎಂದು ಬೇಡಿಕೊಂಡಳು. ಮಲಗಿದ್ದರೆ ಮಲಗಿದ್ದಾನೆ ಎನ್ನುತ್ತೇನೆ ಎಂದು ಹೇಳಿ ಅವನು ಹೊಸ ಕುದುರೆ ಹತ್ತಿದ. ಮೂರನೇ ಸಲಕ್ಕೆ ಹತ್ತಲಾಯಿತು.

ಸಂಜೆ ಬಂದವನನ್ನು ಬಾಗಿಲಲ್ಲೇ ಕೇಳಿದಳು.

“ಹೇಗಿದ್ದ?”

“ಸೂರಿನ ಮೇಲಿದ್ದ. ಹುಲ್ಲು ಹೊದಿಸ್ತಿದ್ದ.”

“ನೀವೇನಂದ್ರಿ?”

“ಸೂರಿನ ಮೇಲಿದ್ದ ಅಂದೆ.”

“ಉಳಿದ ಮೂವರು?”

“ಅವರಿಗೆ ಕಾಣಿಸ್ಲಿಲ್ವಂತೆ. ನಾನು ತೋರಿಸ್ದೆ.”

ಹವೀಸ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು. ಈ ಮನುಷ್ಯನನ್ನು ಹಾಸಿಗೆಯಲ್ಲಿ ಮಲಗಿಸಿ ಏಳು ಹೊದಿಕೆ ಹೊದಿಸಿದರೂ, ನೋಡಲು ಬಂದವರ ಎದುರು ಎದ್ದು ಕೂತು, ನನಗೇನಾಗಿಲ್ಲ, ಹೆಂಡತಿ ಮಲಗಿಸಿದ್ದಾಳೆ ಎನ್ನುತ್ತಾನೆ. ಇನ್ನು ಯಾವ ಏರ್ಪಾಟೂ ಇವನ ಮೇಲೆ ನಡೆಯುವುದಿಲ್ಲ ಎಂಬುದು ಅವಳಿಗೆ ಆಗ ಪೂರ್ತಿ ಅರ್ಥವಾಯಿತು. ಥರ್ಸ್ಟನ ಅಂದಿನಿಂದ ತನ್ನ ಬಾರ್ಲಿಯನ್ನು ಎರಡು ಹರದಾರಿ ಆಚೆಯ ಗಿರಣಿಗೆ ಹೊರಿಸಿಕೊಂಡು ಹೋದ.

ಕರೆ ಬಂದದ್ದು ಬಾರ್ಲಿ ಕೊಯ್ಲು ಅರ್ಧವಾಗಿದ್ದಾಗ. ವೇಲ್ಸಿನಲ್ಲಿ ಮತ್ತೆ ದಂಗೆ. ಪ್ರಭುಗಳ ದಂಡು ಶ್ರೂಸ್‌ಬರಿಯಲ್ಲಿ ಸೇರುತ್ತದೆ, ನೈಟ್‌ಗಳೆಲ್ಲ ಹಾಜರಾಗಬೇಕು. ವಾರಿನ್ ಕುಡುಗೋಲು ಒರೆಸಿ ಗೋಡೆಗೆ ಸಿಕ್ಕಿಸಿದ. ಹೋಗುವುದಿಲ್ಲ ಎನ್ನುತ್ತಾನೋ ಎಂದು ಒಂದು ಕ್ಷಣ ಅವಳು ಕಾದದ್ದೂ ಸುಳ್ಳಲ್ಲ. ಅವನು ಕೇಳಿದ್ದು ಕೆಳಗಿನ ಹೊಲದ ಕೊಯ್ಲು ಯಾರು ಮುಗಿಸುತ್ತಾರೆ ಎಂದು. ನಾನೇ, ಇನ್ಯಾರು ಎಂದಳು. ಅವನ ಮುಖದಲ್ಲಿ ಆ ಹಳೆಯ ನಗು ಇರಲಿಲ್ಲ. ಅದಿದ್ದಿದ್ದರೆ ಬೈಯುವುದಕ್ಕಾದರೂ ಸುಲಭವಾಗುತ್ತಿತ್ತು.

ಹೊರಡುವ ದಿನ ಅವಳು ಪೆಟ್ಟಿಗೆಯ ತಳದಿಂದ ತಂದೆಯ ಮುಳ್ಳನ್ನು ತೆಗೆದು, ಬೂದಿಯಿಂದ ಉಜ್ಜಿ, ಮಣೆಯ ಮೇಲೆ ಕೂತಿದ್ದ ಗಂಡನ ಬಲಗಾಲಿಗೆ ಕಟ್ಟಿದಳು. ಬೇಕಾದ್ದಕ್ಕಿಂತ ಬಿಗಿಯಾಗಿಯೇ ಕಟ್ಟಿದಳು. ಅವನು ಎಡಗಾಲು ಚಾಚಿ ಕಾದ.

“ಇನ್ನೊಂದೆಲ್ಲಿ?”

“ಹೊಗೆಕೋಣೆ ಬಾಗಿಲಲ್ಲಿದೆ. ಅದನ್ನ ಕಿತ್ರೆ ಬಾಗಿಲು ನಿಲ್ಲಲ್ಲ.”

“ಒಂದೇ ಕಟ್ಕೊಂಡು ಹೋದ್ರೆ ದಂಡೆಲ್ಲ ನಗುತ್ತೆ ಕಣೆ.”

“ನಗ್ಲಿ. ಯಾರಾದ್ರೂ ಕೇಳಿದ್ರೆ ಇರೋದನ್ನ ಇದ್ದ ಹಾಗೆ ಹೇಳಿ. ಅದು ನಿಮಗೆ ಚೆನ್ನಾಗಿ ಬರುತ್ತಲ್ಲ.” ಅವಳು ಎದ್ದು ಕೈ ಒರೆಸಿಕೊಂಡಳು. “ವಾಪಸು ಬಂದು ಬಾಗಿಲಿಗೆ ಬೇರೆ ಕೊಂಡಿ ಹಾಕಿಕೊಟ್ಟು ಆಮೇಲೆ ಅದನ್ನೂ ತಗೊಳ್ಳಿ. ಅಲ್ಲೀವರೆಗೆ ಅದು ಇಲ್ಲೇ ಇರುತ್ತೆ.”

ವಾರಿನ್ ಏನೋ ಹೇಳಲು ಹೊರಟ. ಹವೀಸ ಒಣಸೇಬಿನ ಚೀಲವನ್ನು ಅವನ ಕೈಯಲ್ಲಿಟ್ಟಳು. ಅವನು ಒಂದು ಹೋಳನ್ನು ತೆಗೆದು ಬಾಯಿಗೆ ಹಾಕಿಕೊಂಡು, ಮಾತನ್ನು ಅಗಿದು, ಕುದುರೆಯ ಕಡೆಗೆ ನಡೆದ.

ನೈಟ್‌ಗಳ ಹೆಂಡತಿಯರು ಬಾಗಿಲಲ್ಲಿ ನಿಂತು ಕೈ ಬೀಸಬೇಕೆಂದು ಪಾದ್ರಿಗಳು ಹೇಳಿಕಳಿಸಿದ್ದರು. ತೂಬಿಗೆ ಪಾಚಿ ಕಟ್ಟಿದೆ ಎಂದು ಹೇಳಿ ಅವಳು ಗಿರಣಿಯ ಕಡೆಗೆ ಹೋದಳು. ತೂಬಿನಲ್ಲಿ ಪಾಚಿ ಇರಲಿಲ್ಲ, ಹಿಂದಿನ ದಿನ ತಾನೇ ತೆಗೆದಿದ್ದಳು. ಅಲ್ಲಿಂದ ಶ್ರೂಸ್‌ಬರಿಯ ದಾರಿ ತಿರುವಿನವರೆಗೂ ಕಾಣುತ್ತದೆ. ದೊಡ್ಡ ಕುದುರೆ ಬಲಗಾಲಿನ ಮುಳ್ಳು ತಾಗಿದಾಗಲೆಲ್ಲ ಎಡಕ್ಕೆ ಸರಿಯುತ್ತಿತ್ತು. ಅದನ್ನು ಮತ್ತೆ ಮತ್ತೆ ದಾರಿಗೆ ಎಳೆದುಕೊಳ್ಳುತ್ತ ಅವನು ಹೋಗುವುದಕ್ಕೆ ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಅವಳು ಮೊಣಕೈವರೆಗೆ ನೀರಿನಲ್ಲಿ ಕೈ ಇಟ್ಟುಕೊಂಡು, ಕುದುರೆಯನ್ನೂ ಪ್ರಭುವನ್ನೂ ಓಕ್ ಮರಗಳನ್ನೂ ಒಂದೊಂದಾಗಿ ಬೈಯುತ್ತ ನಿಂತಿದ್ದಳು.